ಹಳ್ಳಿಯಿಂದ ಬಂದ ಅರ್ಧ ಪುಟದ ಪತ್ರ: ಗದಗಿನ ಕಡೆ ನಮ್ಮ ಎಂಟು ದಿನ

ಫೆಬ್ರವರಿಯ ಒಂದು ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಚರ್ಚಿನ ಅಯ್ಯನವರು, ಅಂದರೆ ಪಾದ್ರಿಗಳು, ಒಂದು ಪತ್ರ ಓದಿದರು. ಗದಗ ಜಿಲ್ಲೆಯ ಒಂದು ಹಳ್ಳಿಯ ಕ್ರೈಸ್ತ ಸಭೆಯಿಂದ ಬಂದದ್ದು. ಅರ್ಧ ಪುಟ, ನೀಲಿ ಪೆನ್ನಿನಲ್ಲಿ ಬರೆದದ್ದು. ಮೇ ತಿಂಗಳಲ್ಲಿ ಮಕ್ಕಳಿಗೆ ರಜಾ ವೇದಪಾಠಶಾಲೆ (ರಜೆಯಲ್ಲಿ ಬೈಬಲ್ ಕಥೆ, ಹಾಡು ಕಲಿಸುವುದು) ನಡೆಸಬೇಕು, ಹಾಡು ಕಲಿಸುವವರು ಇಲ್ಲ. ವಯಸ್ಸಾದವರಿಗೆ ಬಿಪಿ, ಶುಗರ್ ನೋಡುವವರು ಬಂದರೆ ಉಪಕಾರ. ಇಷ್ಟೇ ವಿಷಯ. ಕೊನೆಯಲ್ಲಿ, ಊಟಕ್ಕೆ ಮಲಗಲಿಕ್ಕೆ ಚಿಂತೆ ಬೇಡ ಅಂತ ಒಂದು ಸಾಲು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. 16 ವರ್ಷದಿಂದ ರಕ್ತ ತೆಗೆಯುವುದು, ಟೆಸ್ಟ್ ಮಾಡುವುದು, ರಿಪೋರ್ಟ್ ಬರೆಯುವುದು. ಮಿಷನ್ ಪ್ರವಾಸ ಅಂದರೆ ಯೌವನಸ್ಥರ ಕೂಟದ ಹುಡುಗರು ಗಿಟಾರ್ ಹಿಡಿದುಕೊಂಡು ಹೋಗುವಂಥದ್ದು ಅಂತಲೇ ಅಂದುಕೊಂಡಿದ್ದೆ. ಮೂರು ವರ್ಷ ಹೀಗೆ ಕರೆದಾಗಲೆಲ್ಲ ಕಾಣಿಕೆ ಕೊಟ್ಟು ಸುಮ್ಮನಾಗಿದ್ದೆ. ಬೈಬಲಿನ ಪ್ರವಾದಿ ಯೆಶಾಯನಿಗೆ ದರ್ಶನದಲ್ಲಿ ಬಂದ ಕರೆಯ ಮೇಲೆ ಚಿಕ್ಕಂದಿನಿಂದ ಎಷ್ಟೋ ಪ್ರಸಂಗ ಕೇಳಿದ್ದೇನೆ, ನನಗೂ ಅಂಥದ್ದೇ ಏನೋ ಆಗಬೇಕು ಅಂತ ಕಾಯುತ್ತಿದ್ದೆ ಅನಿಸುತ್ತದೆ. ಆ ದಿನ ಅಯ್ಯನವರು "ಶುಗರ್ ನೋಡುವವರು" ಅಂತ ಓದಿದಾಗ ಎದೆ ಧಸಕ್ಕೆಂದಿತು. ಅದು ನಾನು ದಿನಾ ಮಾಡುವ ಕೆಲಸ. ಇನ್ನು ಯಾವ ದರ್ಶನಕ್ಕೆ ಕಾಯಬೇಕು ಅಲ್ವಾ? ಆರಾಧನೆ ಮುಗಿದ ತಕ್ಷಣ ಹೋಗಿ ಹೆಸರು ಕೊಟ್ಟೆ.

ನಾವು 11 ಜನ ಆದೆವು. ನಾಲ್ಕು ಶನಿವಾರ ಸೇರಿ ತಯಾರಿ ಮಾಡಿದೆವು. ನಮ್ಮ ತಂಡಕ್ಕೆ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಮೊದಲ ದಿನವೇ ಎರಡು ವಿಷಯ ಖಡಾಖಂಡಿತ ಹೇಳಿದರು. ಪಾಠಶಾಲೆಗೆ ಸಭೆಯ ಮಕ್ಕಳು ಮಾತ್ರ, ಅದೂ ತಂದೆತಾಯಿ ಸಹಿ ಮಾಡಿ ಕಳಿಸಿದರೆ. ಆರೋಗ್ಯ ತಪಾಸಣೆ ಇಡೀ ಊರಿಗೆ, ಆದರೆ ಅಲ್ಲಿ ಪ್ರಸಂಗ ಇಲ್ಲ, ಕರಪತ್ರ ಇಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕುರಿತ ಕಾಯ್ದೆ ಬಂದ ಮೇಲೆ ಸಭೆಗಳಲ್ಲಿ ಅಳುಕು ಇರುವುದು ನಿಜ, ಆದರೆ ಮೇಷ್ಟ್ರು ಹೇಳಿದ್ದು ಅದಕ್ಕಾಗಿ ಅಲ್ಲ. "ನೋವು ಅಂತ ಬಂದವರನ್ನು ಕೂರಿಸಿಕೊಂಡು ಬೇರೆ ಮಾತು ಆಡಬಾರದಮ್ಮಾ, ಅವರು ಎದ್ದು ಹೋಗಲಾರರು" ಅಂದರು. ನನಗೆ ಅದು ಪೂರ್ತಿ ಒಪ್ಪಿಗೆಯಾಯಿತು, ಈಗಲೂ ಒಪ್ಪಿಗೆ.

ಶುಕ್ರವಾರ, ರೈಲು

ಸಂಜೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್. ನನ್ನ ಹತ್ತಿರ ಎರಡು ಸೂಟ್‌ಕೇಸ್ ಇದ್ದವು. ಒಂದರಲ್ಲಿ ನನ್ನ ಬಟ್ಟೆ, ಗ್ಲುಕೋಮೀಟರ್, ಸ್ಟ್ರಿಪ್, ಹತ್ತಿ. ಇನ್ನೊಂದರ ತುಂಬ ಮಕ್ಕಳಿಗೆ ಪೆನ್ಸಿಲ್ ಬಾಕ್ಸ್, ಚಾಕೊಲೇಟ್, ಅಕ್ಕಪಕ್ಕದ ಮನೆಯವರು ಕೊಟ್ಟ ಹಳೆ ಬಟ್ಟೆ. ಈ ಎರಡನೆಯ ಸೂಟ್‌ಕೇಸಿನ ಮಾತು ಆಮೇಲೆ ಬರುತ್ತದೆ.

ತುಮಕೂರು ದಾಟಿದ ಮೇಲೆ ಮೇಷ್ಟ್ರು ಕಿಟೆಲ್ ಕಥೆ ತೆಗೆದರು. ನಮ್ಮ ಹುಡುಗರಿಗೆ ಎಂ.ಜಿ. ರಸ್ತೆಯ ಪ್ರತಿಮೆ ಗೊತ್ತು, ಅಷ್ಟೇ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ ಅವರಿಗೆ 21 ವರ್ಷ. ಮೊದಲು ಕೆಲಸಕ್ಕೆ ಹಾಕಿದ್ದು ಧಾರವಾಡ, ಹುಬ್ಬಳ್ಳಿಯ ಕಡೆಗೆ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಸುಮಾರು 70,000 ಪದ. ಅಂದರೆ ಬಂದು 41 ವರ್ಷ ಆದ ಮೇಲೆ. ಒಬ್ಬ ಹುಡುಗ ಕೇಳಿದ, "ಹಾಗಾದ್ರೆ ನಾವು ಎಂಟು ದಿನ ಹೋಗಿ ಏನು ಮಾಡೋದು ಸಾರ್?" ಮೇಷ್ಟ್ರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, "ಅವರು ಬಂದು ಮೊದಲು ಮಾಡಿದ್ದು ಕೇಳಿಸಿಕೊಳ್ಳೋದು. ಅದನ್ನ ಎಂಟು ದಿನ ಮಾಡಬಹುದು" ಅಂದರು. ಆ ಮಾತು ಆ ರಾತ್ರಿ ನನಗೆ ಅಷ್ಟಾಗಿ ನಾಟಲಿಲ್ಲ. ಬುಧವಾರ ನಾಟಿತು.

ಶನಿವಾರ, ಗದಗ

ಬೆಳಗ್ಗೆ ಗದಗದಲ್ಲಿ ಇಳಿದೆವು. ಬಿಸಿಲು ಏರುವ ಮುಂಚಿನ ಗಾಳಿ ಚೆನ್ನಾಗಿತ್ತು. ಗದಗ ಮತ್ತು ಬೆಟಗೇರಿ ಎರಡು ಊರು ಕೂಡಿ ಬೆಳೆದ ಜೋಡಿ ಊರು. ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಅಲ್ಲಿಗೆ ಅಂತ ಆಟೋದವರಿಗೆ ಹೇಳಿದರೆ, ಅವರು ನಮ್ಮ ಕೈಯಲ್ಲಿದ್ದ ಮೆಡಿಕಲ್ ಡಬ್ಬ ನೋಡಿ "ಜರ್ಮನ್ ದವಾಖಾನಿಗೇನ್ರಿ?" ಅಂತ ಕೇಳಿದರು. ಮಿಷನ್ ಆಸ್ಪತ್ರೆಗೆ ಊರಿನವರು ಇಟ್ಟುಕೊಂಡ ಹೆಸರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟು ಆಮೇಲೆ ಅವರ ದೇಶಕ್ಕೆ ಕಳಿಸಿಬಿಟ್ಟಿತು. ಅವರು ಹೋಗಿ ನೂರು ವರ್ಷ ದಾಟಿದರೂ ಹೆಸರು ಹೋಗಿಲ್ಲ. ಆ ನೂರು ವರ್ಷ ಸಭೆಗಳನ್ನು ಹಿಡಿದು ನಿಲ್ಲಿಸಿದವರು ಇಲ್ಲಿಯದೇ ಜನ, ಇಲ್ಲಿಯದೇ ಅಯ್ಯನವರು, ಉಪದೇಶಿಗಳು, ನರ್ಸುಗಳು. ನಮ್ಮ ಸಂಡೆ ಸ್ಕೂಲಿನಲ್ಲಿ ಕಿಟೆಲ್ ಹೆಸರು ಕಲಿಸುತ್ತೇವೆ, ಇವರಲ್ಲಿ ಒಬ್ಬರ ಹೆಸರೂ ಕಲಿಸುವುದಿಲ್ಲ. ಅದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸಿತು.

ಮಧ್ಯಾಹ್ನ ನಮ್ಮ ಜೊತೆ ಬರಲು ಒಪ್ಪಿದ್ದ ಗದಗಿನ ಡಾಕ್ಟರಮ್ಮನನ್ನು ಭೇಟಿಯಾದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ. "ನೀವು ಶುಕ್ರವಾರ ಹೋಗ್ತೀರಿ. ಶನಿವಾರ ಅವರು ಯಾರ ಹತ್ರ ಹೋಗ್ಬೇಕ್ರಿ?" ಹಿಂದೊಮ್ಮೆ ಬಂದಿದ್ದ ಒಂದು ತಂಡ ಹತ್ತು ದಿನದ ಮಾತ್ರೆ ಕೊಟ್ಟು ಹೋಗಿತ್ತಂತೆ. ಹನ್ನೊಂದನೆಯ ದಿನ ಯಾರೂ ಇಲ್ಲ. ಬಿಪಿ ಮಾತ್ರೆ ಶುರು ಮಾಡಿ ಥಟ್ಟನೆ ಬಿಟ್ಟರೆ ಏನಾಗುತ್ತದೆ ಅಂತ ಅವರು ನನಗೆ ಹೇಳಬೇಕಾಗಿರಲಿಲ್ಲ. ಅಲ್ಲೇ ಕೂತು ಬದಲಾಯಿಸಿದೆವು. ನಾವು ಮಾತ್ರೆ ಕೊಡುವುದಿಲ್ಲ. ನೋಡುತ್ತೇವೆ, ಚೀಟಿ ಬರೆಯುತ್ತೇವೆ, ಚೀಟಿಯ ಒಂದು ಪ್ರತಿ ಆ ಹಳ್ಳಿಯ ಆಶಾ ಕಾರ್ಯಕರ್ತೆಯ ಕೈಗೆ. ಮುಂದಿನದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ.

ಸಂಜೆ ಬಿಸಿ ಮಿರ್ಚಿ ಭಜಿ. ಗದಗಿಗೆ ಬಂದು ಅದನ್ನು ತಿನ್ನದೆ ಹೋಗಬಾರದು.

ಭಾನುವಾರ, ಹಳ್ಳಿ

ಬೆಳಗ್ಗೆ ಟೆಂಪೊದಲ್ಲಿ ಮುಂಡರಗಿ ರಸ್ತೆ ಹಿಡಿದೆವು. ಕಪ್ಪತಗುಡ್ಡದ ಸಾಲು, ಮೇಲೆ ಗಾಳಿಯಂತ್ರಗಳು, ಕೆಳಗೆ ಉತ್ತು ಬಿಟ್ಟ ಕಪ್ಪು ಎರೆ ಹೊಲ, ಮಳೆಗೆ ಕಾಯುತ್ತಾ. ಹಳ್ಳಿಯ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರು ಬೇಡ ಅಂದರು, ಅವರ ಮಾತು ದೊಡ್ಡದು.

ಚಿಕ್ಕ ದೇವಾಲಯ. ಸುಮಾರು 30 ಮನೆಗಳ ಸಭೆ. ಆರಾಧನೆಯಲ್ಲಿ ಹಾಡಿದ ಕೀರ್ತನೆಗಳು ನಮಗೂ ಗೊತ್ತಿದ್ದವೇ, ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿದ ಹಳೆಯವು. ಆದರೆ ಅಲ್ಲಿ ಹಾರ್ಮೋನಿಯಂ, ತಬಲಾ ಜೊತೆ ನಿಧಾನಕ್ಕೆ ಎಳೆದು ಹಾಡುತ್ತಾರೆ, ಎಲ್ಲೋ ಒಂದು ಕಡೆ ಅದು ಭಜನೆಯ ಹಾಗೆ ತಿರುಗಿಬಿಡುತ್ತದೆ, ಆಗ ಕೂತವರೆಲ್ಲ ಕಣ್ಣು ಮುಚ್ಚುತ್ತಾರೆ. ನಾನೂ ಮುಚ್ಚಿದೆ.

ಆರಾಧನೆ ಆದ ಮೇಲೆ ನಮ್ಮ ಹುಡುಗರು ದೇವಾಲಯದ ಗೋಡೆಗೆ ಸುಣ್ಣ ಹೊಡೆಯುವ ವಿಷಯ ಎತ್ತಿದರು. ಬ್ರಷ್ ಬೆಂಗಳೂರಿನಿಂದಲೇ ತಂದಿದ್ದರು. ಸಭೆಯ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ ಹೇಳಿದರು, "ತಮ್ಮಾ, ಸುಣ್ಣ ಹಚ್ಚೋರು ನಮ್ಮಲ್ಲೇ ಇಬ್ಬರು ಅದಾರ. ಈ ತಿಂಗಳು ಅವರಿಗೆ ಕೆಲಸ ಇಲ್ಲ." ಪತ್ರದಲ್ಲಿ ಸುಣ್ಣದ ಮಾತೇ ಇರಲಿಲ್ಲ, ನಾವೇ ಸೇರಿಸಿಕೊಂಡಿದ್ದೆವು. ಅದಕ್ಕೆ ಇಟ್ಟಿದ್ದ ಹಣವನ್ನು ಆ ಇಬ್ಬರ ಕೂಲಿಗೆ ಕೊಡುವುದು ಅಂತಾಯಿತು. ಹುಡುಗರು ನೀರು ಹೊತ್ತು ಕೊಟ್ಟರು, ಏಣಿ ಹಿಡಿದರು.

ಮಿಷನ್ ಪ್ರವಾಸಕ್ಕೆ ಹೊರಡುವ ಎಲ್ಲರಿಗೂ ಇದನ್ನು ಹೇಳಬೇಕು ಅನಿಸುತ್ತದೆ. ಕರೆದವರ ಪತ್ರದಲ್ಲಿ ಏನಿದೆ ಅಂತ ಇನ್ನೊಂದು ಸಲ ಓದಿ. ಬರೆದಿಲ್ಲದ್ದನ್ನು ಮಾಡಲು ಹೋಗಬೇಡಿ.

ಸೋಮವಾರ, ಮಕ್ಕಳು

26 ಮಕ್ಕಳು. ಮೊದಲ ಅರ್ಧ ಗಂಟೆ ನಮ್ಮ ಹುಡುಗಿ ಕಥೆ ಹೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಭಾಷೆ ಕನ್ನಡವೇ, ಆದರೆ ನಮ್ಮ ಬೆಂಗಳೂರು ಕನ್ನಡದಲ್ಲಿ ಇಂಗ್ಲಿಷ್ ಜಾಸ್ತಿ, ವೇಗ ಜಾಸ್ತಿ. ಸಭೆಯ ಒಬ್ಬ ಹುಡುಗಿ, ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು, ಹಿಂದೆ ನಿಂತು ನೋಡುತ್ತಿದ್ದಳು. ಅವಳನ್ನು ಕರೆದು, ನೀನೇ ಹೇಳಮ್ಮ ಅಂದೆವು. ನಾಚಿಕೊಂಡೇ ಶುರು ಮಾಡಿದಳು. "ಒಂದೂರಾಗ ಒಬ್ಬಾಂವಗ ಇಬ್ಬರು ಗಂಡಮಕ್ಕಳಿದ್ರು. ಸಣ್ಣಾಂವ ಅಪ್ಪಗ ಅಂದ, ನನ್ನ ಪಾಲು ನನಗ ಕೊಟ್ಟಬಿಡು." ಮಕ್ಕಳು ಮುಂದೆ ಸರಿದು ಕೂತರು. ಬೈಬಲಿನ ತಪ್ಪಿಹೋದ ಮಗನ ಸಾಮ್ಯವನ್ನು ನಾನು ಇಷ್ಟು ಚೆನ್ನಾಗಿ ಕೇಳಿರಲಿಲ್ಲ. ಮಗ ವಾಪಸ್ ಬರುವಾಗ ಅಪ್ಪ ಓಡುವ ಜಾಗದಲ್ಲಿ ಅವಳೂ ನಿಂತಲ್ಲಿಂದ ನಾಲ್ಕು ಹೆಜ್ಜೆ ಓಡಿದಳು. ಆಮೇಲೆ ಕಥೆಯೆಲ್ಲ ಅವಳದ್ದೇ, ಹಾಡು ಮಾತ್ರ ನಮ್ಮದು.

ಹಾಡುವಾಗ ಒಂದು ವಿಷಯ ಗಮನಿಸಿದೆ. ಒಂಬತ್ತು ಹತ್ತು ವರ್ಷದ ಒಬ್ಬ ಹುಡುಗ ನಗುವಾಗ ಪ್ರತಿ ಸಲ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಪಕ್ಕದ ಹುಡುಗಿಯೂ. ಹತ್ತಿರ ಹೋಗಿ ನೋಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆಗಳು. ಹಲ್ಲುಜ್ಜದ ಕೊಳೆ ಅಲ್ಲ ಅದು, ಹಲ್ಲಿನ ಒಳಗಿಂದಲೇ ಬಂದ ಬಣ್ಣ.

ಮಂಗಳವಾರ, ತಪಾಸಣೆ

ಪಂಚಾಯಿತಿಯವರು ಶಾಲೆಯ ವರಾಂಡ ಬಿಟ್ಟುಕೊಟ್ಟರು. ಬೆಳಗ್ಗೆ ಎಂಟಕ್ಕೆ ಶುರು ಮಾಡಿದೆವು, ಹತ್ತರ ಹೊತ್ತಿಗೆ ಬಿಸಿಲು ನೆಲ ಕಾಯಿಸಿತ್ತು. ಎಲ್ಲ ಓಣಿಯವರೂ ಬಂದರು. ಬಿಪಿಗೆ ಒಂದು ಮೇಜು, ಶುಗರಿಗೆ ನನ್ನ ಮೇಜು, ಕೊನೆಗೆ ಡಾಕ್ಟರಮ್ಮ. ಒಬ್ಬೊಬ್ಬರಿಗೂ ಹೊಸ ಸೂಜಿ, ಅವರ ಕಣ್ಣೆದುರೇ ಬಿಚ್ಚಬೇಕು, ಅವರ ಕಣ್ಣೆದುರೇ ಡಬ್ಬಕ್ಕೆ ಹಾಕಬೇಕು. ಕೆಲವರಿಗೆ ಶುಗರ್ 200 ದಾಟಿತ್ತು, ಅವರಲ್ಲಿ ಒಬ್ಬರಿಗೆ ತಮಗೆ ಸಕ್ಕರೆ ಕಾಯಿಲೆ ಇದೆ ಅಂತಲೇ ಗೊತ್ತಿರಲಿಲ್ಲ. ಅವರ ಕಾಲಿನ ಗಾಯ ಎರಡು ತಿಂಗಳಿಂದ ಮಾಯ್ದಿರಲಿಲ್ಲ. ಚೀಟಿ ಬರೆದು ಡಾಕ್ಟರಮ್ಮನ ಹತ್ತಿರ ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಅವರು ಆ ಸಂಜೆಯೇ ಗದಗಿಗೆ ಹೋಗುವ ಹಾಗೆ ಆಯಿತು. ಈ ಒಂದು ಕೆಲಸಕ್ಕಾಗಿಯೇ ಬಂದದ್ದು ಸಾರ್ಥಕ ಅಂತ ನಾನು ಮನಸ್ಸಿನಲ್ಲಿ ದೇವರಿಗೆ ಸ್ತೋತ್ರ ಹೇಳಿದೆ.

ಆದರೆ ಸಾಲಿನಲ್ಲಿ ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಶುಗರ್ ಬಗ್ಗೆ ಅಲ್ಲ. "ಮಣಕಾಲ ಬ್ಯಾನಿರೀ." "ನಡಾ ಬಗ್ಗಂಗಿಲ್ಲರೀ." "ಕುತ್ತಿಗಿ ತಿರಗಂಗಿಲ್ಲ." ಇವರೆಲ್ಲ ಎಂಬತ್ತರ ಅಜ್ಜಂದಿರಲ್ಲ. 45, 50 ವರ್ಷದ ಹೆಂಗಸರು ಬೆಂಚಿನಿಂದ ಏಳಲು ಎರಡೂ ಕೈ ಊರುತ್ತಿದ್ದರು. ಒಬ್ಬ ಅವ್ವ ನನ್ನ ಮೇಜಿನ ಮುಂದೆ ಕೂತು ಬೆರಳು ಚಾಚಿ, ನಾನು ರಕ್ತ ತೆಗೆಯುವುದನ್ನು ನೋಡುತ್ತಾ ಹೇಳಿದರು, "ಎಲ್ಲಾರೂ ಬಂದು ನಮ್ಮ ರಗತ ನೋಡತೀರಿ ಯವ್ವಾ. ನಮ್ಮ ನೀರು ಯಾರೂ ನೋಡವಲ್ಲರು."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಶುಗರ್ ಸರಿಯಾಗಿಯೇ ಇತ್ತು.

ಬುಧವಾರ, ನೀರು

ರಾತ್ರಿ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಬೆಳಗ್ಗೆ ಪಾಠಶಾಲೆ ಬೇರೆಯವರಿಗೆ ಬಿಟ್ಟು ಆ ಅವ್ವನ ಮನೆಗೆ ಹೋದೆ. "ಬಾ ಯವ್ವಾ, ಕುಂದರು" ಅಂತ ಚಾಪೆ ಹಾಸಿದರು. ರೊಟ್ಟಿ ಬಡಿಯುತ್ತಿದ್ದರು. ಕುಳಿತು ಕೇಳಿಸಿಕೊಂಡೆ, ಒಂದೂವರೆ ಗಂಟೆ.

ಮೊದಲು ಊರಿನಲ್ಲಿ ಕೆರೆ ನೀರು, ತೆರೆದ ಬಾವಿ. ಕೆರೆ ಬತ್ತಿದ ಮೇಲೆ ಬೋರ್‌ವೆಲ್ ಬಂತು, ಬತ್ತಿದ ಹಾಗೆಲ್ಲ ಇನ್ನೂ ಆಳಕ್ಕೆ ಕೊರೆದರು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕ ಇದೆ, ಮೋಟರ್ ಕೆಟ್ಟು ಎರಡು ತಿಂಗಳು. ಆಗಿನಿಂದ ಮತ್ತೆ ಬೋರಿನ ನೀರೇ. "ಕಾಸಿ ಕುಡೀತೀವಿ" ಅಂದರು ಅವ್ವ, ಬಹಳ ನಂಬಿಕೆಯಿಂದ.

ಇದು ಫ್ಲೋರೈಡ್. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಕಲ್ಲಿನಿಂದ ಅಂತರ್ಜಲಕ್ಕೆ ಇಳಿಯುವ ಫ್ಲೋರೈಡ್ ಜಾಸ್ತಿ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಚಿಕ್ಕಂದಿನಲ್ಲಿ, ಹಲ್ಲು ಒಳಗೇ ಬೆಳೆಯುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿಗೆ ಬಣ್ಣ ಹತ್ತುತ್ತದೆ, ಅದು ಹೋಗುವುದಿಲ್ಲ. ಮಟ್ಟ ಇನ್ನೂ ಜಾಸ್ತಿಯಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಸೇರಿ ಕೀಲು ಬಿಗಿಯುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಆ ಅವ್ವನಿಗೆ ಹೇಳುವುದು ನನಗೆ ತುಂಬ ಕಷ್ಟವಾಯಿತು. ಅವರು ಇಷ್ಟು ವರ್ಷ ಸೌದೆ ಉರಿಸಿ, ಮೊಮ್ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಕಾಯಿಸಿದ್ದಾರೆ. ಹೇಳಿದೆ. ಅವರು ಹಿಟ್ಟಿನ ಕೈಯಲ್ಲಿ ಹಾಗೇ ಕೂತರು. ಆಮೇಲೆ, "ಮತ್ತ ಏನ್ ಮಾಡೂದು?" ಅಂದರು.

ಏನು ಮಾಡುವುದು? ಎಂಟು ದಿನಕ್ಕೆ ಬಂದವಳು ನಾನು, ಅದರಲ್ಲಿ ಮೂರು ದಿನ ಉಳಿದಿತ್ತು. ಸಂಜೆ ಆ ಊರಿನ ಅಯ್ಯನವರು, ಸಭೆಯ ಹಿರಿಯರು, ಪಂಚಾಯಿತಿಯ ಇಬ್ಬರು ಸದಸ್ಯರು, ಆಶಾ ಕಾರ್ಯಕರ್ತೆ, ಮೇಷ್ಟ್ರು ಎಲ್ಲ ಕೂತೆವು. ಪಂಚಾಯಿತಿ ಸದಸ್ಯರು ಸಭೆಯವರಲ್ಲ, ಆದರೆ ಅವರ ಮನೆಯ ಮಕ್ಕಳ ಹಲ್ಲೂ ಹಾಗೇ ಇವೆ. ಯಾವ ಬೋರಿನಲ್ಲಿ ಎಷ್ಟಿದೆ ಅಂತ ಕಾಗದದ ಮೇಲೆ ಇದ್ದರೆ ಮೇಲಿನವರನ್ನು ಕೇಳಲು ಬಲ ಬರುತ್ತದೆ ಅಂತ ಅವರು ಹೇಳಿದರು. ಅದು ನನ್ನಿಂದ ಆಗುವ ಕೆಲಸ.

ಗುರುವಾರ

ಬೆಳಗ್ಗೆ ಬೇಗ ಊರು ಸುತ್ತಿ ನೀರು ತುಂಬಿಸಿದೆವು. ನಾಲ್ಕು ಬೋರ್, ಒಂದು ಹಳೆ ತೆರೆದ ಬಾವಿ. ಫ್ಲೋರೈಡ್ ನೋಡಲು ಗಾಜಿನ ಸೀಸೆ ಆಗುವುದಿಲ್ಲ, ಪ್ಲಾಸ್ಟಿಕ್ಕೇ ಬೇಕು, ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು. ಸೋಮವಾರ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಹುಡುಗನೇ ದಾರಿ ತೋರಿಸಿದ. ಪ್ರತಿ ಸೀಸೆಯ ಮೇಲೆ ಓಣಿಯ ಹೆಸರು ಅವನ ಕೈಬರಹದಲ್ಲೇ ಇದೆ.

ಮಧ್ಯಾಹ್ನ ಸುಣ್ಣ ಮುಗಿಯಿತು. ರಾತ್ರಿ ಸಭೆಯ ಮನೆಗಳಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಆ ವಾರ ಒಂದು ದಿನವೂ ನಮ್ಮ ದುಡ್ಡಿನಲ್ಲಿ ಊಟ ಮಾಡಲು ಅವರು ಬಿಡಲಿಲ್ಲ.

ಶುಕ್ರವಾರ, ಹೊರಡುವುದು

ಮಕ್ಕಳ ಕಾರ್ಯಕ್ರಮ. 26 ಮಕ್ಕಳೂ ಹಾಡಿದರು, ಅಪ್ಪ ಅಮ್ಮಂದಿರು ಗೋಡೆಗೊರಗಿ ನಿಂತು ಕೇಳಿದರು. ಹೊಸ ಸುಣ್ಣ ಅವರ ಬೆನ್ನಿಗೆಲ್ಲ ಹತ್ತಿತು.

ಎರಡನೆಯ ಸೂಟ್‌ಕೇಸು ಆ ತನಕ ಬಿಚ್ಚಿರಲಿಲ್ಲ. ಭಾನುವಾರದ ಸುಣ್ಣದ ಮಾತಾದ ಮೇಲೆ ಬಿಚ್ಚಲು ಧೈರ್ಯ ಬಂದಿರಲಿಲ್ಲ. ಅಯ್ಯನವರ ಮನೆಯ ಅಮ್ಮನವರನ್ನು ಕೇಳಿದೆ. ಅವರು ನೋಡಿ, ಪೆನ್ಸಿಲ್ ಬಾಕ್ಸ್ ಇಟ್ಟುಕೊಂಡರು, ಶಾಲೆ ಶುರುವಾಗುವ ದಿನ ಸಭೆಯ ಕಡೆಯಿಂದ ಕೊಡುತ್ತೇವೆ ಅಂದರು. ಬಟ್ಟೆಗಳ ಮೇಲೆ ಕೈ ಆಡಿಸಿ, "ಇವು ಬ್ಯಾಡ್ರಿ ಅಕ್ಕಾ, ನಮ್ಮ ಮಂದಿ ಹಬ್ಬಕ್ಕ ಹೊಸದು ತರತಾರ" ಅಂದರು. ಮೆಲ್ಲಗೆ, ನನಗೆ ನೋವಾಗದ ಹಾಗೆ. ಆ ಬಟ್ಟೆ ವಾಪಸ್ ತಂದೆ. ಜಾಗ ಖಾಲಿಯಾದ ಕಡೆ ಐದು ಸೀಸೆ ನೀರು ಇಟ್ಟುಕೊಂಡೆ.

ಆ ಅವ್ವ ಬಸ್ ನಿಲ್ದಾಣದ ತನಕ ಮಣಕಾಲು ಹಿಡಿದುಕೊಂಡೇ ಬಂದರು. ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಪ್ರಾರ್ಥಿಸಲು ಹೋದವಳು ನಾನು ಅಂದುಕೊಂಡಿದ್ದೆ.

ಬೆಂಗಳೂರಿಗೆ ಬಂದ ಮೇಲೆ

ನೀರು ಪರೀಕ್ಷೆ ಮಾಡುವ ಲ್ಯಾಬಿಗೆ ಸೀಸೆಗಳನ್ನು ಕೊಟ್ಟೆ. ನಾಲ್ಕು ಬೋರುಗಳಲ್ಲಿ ಮೂರು 1.5 ದಾಟಿದ್ದವು. ತೆರೆದ ಬಾವಿಯಲ್ಲಿ ಫ್ಲೋರೈಡ್ ಮಿತಿಯೊಳಗೇ ಇತ್ತು, ಆದರೆ ಅದನ್ನು ಶುಚಿ ಮಾಡಿಸಿ ವರ್ಷಗಳೇ ಆಗಿವೆ. ರಿಪೋರ್ಟನ್ನು ಕನ್ನಡದಲ್ಲಿ ಬರೆದು, ಓಣಿಯ ಹೆಸರು ಹಾಕಿ, ಎರಡು ಪ್ರತಿ ಕಳಿಸಿದೆ. ಒಂದು ಅಯ್ಯನವರಿಗೆ, ಒಂದು ಪಂಚಾಯಿತಿಗೆ. ಜೂನ್ ಕೊನೆಯಲ್ಲಿ ಘಟಕದ ಮೋಟರ್ ರಿಪೇರಿಯಾಯಿತು ಅಂತ ಫೋನ್ ಬಂತು. ಕಾಲಿನ ಗಾಯದವರು ಈಗ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದಾರೆ, ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ನೋಡುತ್ತಾರೆ.

ಆಗಸ್ಟಿನಲ್ಲಿ ಮತ್ತೆ ಒಂದು ಪತ್ರ ಬಂತು. ಅದೇ ನೀಲಿ ಪೆನ್ನು, ಈ ಸಲ ಅರ್ಧ ಪುಟಕ್ಕಿಂತ ಸ್ವಲ್ಪ ಕಡಿಮೆ. ಪಾಠಶಾಲೆಗೆ ಇನ್ನು ಮುಂದೆ ಹೊರಗಿನವರು ಬೇಕಾಗಿಲ್ಲ, ಪಿಯುಸಿ ಹುಡುಗಿ ಪ್ರತಿ ಭಾನುವಾರ ನಡೆಸುತ್ತಿದ್ದಾಳೆ, ಹಾಡೂ ಕಲಿಸುತ್ತಾಳೆ. ತೆರೆದ ಬಾವಿಯ ಹೂಳು ತೆಗೆಸಿದ್ದಾರೆ, ಮಳೆ ಬಿದ್ದಿದೆ, ನೀರು ಏರಿದೆ. ನವೆಂಬರಿನಲ್ಲಿ ಲ್ಯಾಬಿನ ಅಕ್ಕ ಒಬ್ಬರೇ ಬಂದರೂ ಸಾಕು, ಸೀಸೆ ತರಬೇಕು.

ಗೋಲ್ ಗುಂಬಜ್‌ಗೆ ಟಿಕೆಟ್ ಮಾಡಿಸಿದ್ದೇನೆ. ಈ ಸಲ ಒಂದೇ ಸೂಟ್‌ಕೇಸ್.